ಜಾವಾ ಎಂಬ ಎರಡಕ್ಷರದ ಹಿಂದಿನ ಬದುಕು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳಿಗೆ ಇಂದಿಗೂ ವಿಶೇಷ ಮರ್ಯಾದೆಯಿದೆ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಶಿವಾಜಿನಗರದ ಗುಜರಿಯಲ್ಲಾಗಲಿ, ಹಲಸೂರಿನ ಓಣಿಗಳಲ್ಲಾಗಲಿ, ಇಂದಿರಾನಗರದ ಹಳೆಯ ಮನೆಗಳ ಮುಂದಾಗಲಿ, ಒಂದು ಕೆಂಪು ಮಿಶ್ರಿತ ಕಂದು ಬಣ್ಣದ ವಾಹನ ನಿಂತಿದ್ದರೆ ದಾರಿಹೋಕರ ಕಣ್ಣು ಅತ್ತ ಹೊರಳುತ್ತದೆ. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಎರಡೇ ಅಕ್ಷರ: ಜಾವಾ.

ಈ ಹೆಸರಿಗೂ ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಯಾವ ನಂಟೂ ಇಲ್ಲ. ಎರಡನೆಯ ಅಕ್ಷರ ವಾಂಡರರ್ ಎಂಬ ಜರ್ಮನ್ ಕಂಪನಿಯದು. ಮೊದಲನೆಯ ಅಕ್ಷರ ಒಬ್ಬ ಮನುಷ್ಯನದು. ಆತನೇ ಫ್ರಾಂಟಿಶೆಕ್ ಯಾನೆಚೆಕ್. ಜೆಕ್ ಭಾಷೆಯಲ್ಲಿ ರೋಮನ್ ಲಿಪಿಯ ಜೆ ಅಕ್ಷರವನ್ನು ಯಕಾರವಾಗಿ ಉಚ್ಚರಿಸುತ್ತಾರೆ. ಹೀಗಾಗಿ ಪ್ರಾಗ್ ನಗರದಲ್ಲಿ ಅದು ಯಾವಾ, ಬೆಂಗಳೂರಿನಲ್ಲಿ ಜಾವಾ. ಕನ್ನಡ ನಾಡಿನ ಎರಡು ತಲೆಮಾರುಗಳು ಈ ವಾಹನವನ್ನು ಏರಿ ನೌಕರಿಗೆ ಹೋಗಿವೆ, ಮದುವೆಯಾದ ಹೊಸತರಲ್ಲಿ ನಂದಿಬೆಟ್ಟಕ್ಕೆ ಹೋಗಿವೆ. ಆದರೆ ಆ ಮೊದಲ ಅಕ್ಷರದ ಯಜಮಾನನ ಬದುಕು ಮಾತ್ರ ಇಲ್ಲಿ ಹೆಚ್ಚು ಜನರಿಗೆ ಪರಿಚಿತವಲ್ಲ.

ಹಳ್ಳಿಯಿಂದ ಯಂತ್ರಶಾಲೆಗೆ

ಯಾನೆಚೆಕ್ ಅವರು ಜನಿಸಿದ್ದು 1878ರ ಜನವರಿ 23ರಂದು, ಪೂರ್ವ ಬೊಹೆಮಿಯಾದ ಕ್ಲಾಶ್ಟೆರ್ ನಾದ್ ದ್ಯೆದಿನೌ ಎಂಬ ಪುಟ್ಟ ಹಳ್ಳಿಯಲ್ಲಿ. ಆ ಪ್ರದೇಶ ಆಗ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದ ಭಾಗವಾಗಿತ್ತು. ಜೆಕ್ ಜನರಿಗೆ ತಮ್ಮದೇ ಆದ ರಾಷ್ಟ್ರವಿರಲಿಲ್ಲ. ಆದರೆ ಬೊಹೆಮಿಯಾದ ನಗರಗಳಲ್ಲಿ ಕಾರ್ಖಾನೆಗಳು ಬೆಳೆಯುತ್ತಿದ್ದವು. ಸಾಮ್ರಾಜ್ಯದ ಕೈಗಾರಿಕೆಯ ಬಹುಪಾಲು ನೆಲೆಸಿದ್ದು ಇದೇ ನೆಲದಲ್ಲಿ. ಕೈಯಲ್ಲಿ ಕಸುಬು ಇದ್ದವನಿಗೆ ಅಲ್ಲಿ ಏಳಿಗೆಯ ದಾರಿ ತೆರೆದಿತ್ತು.

ಯಾನೆಚೆಕ್ ಆರಿಸಿಕೊಂಡದ್ದು ಆ ದಾರಿಯನ್ನೇ. ಪ್ರಾಗ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಮುಂದಿನ ಅಧ್ಯಯನಕ್ಕೆ ಬರ್ಲಿನ್‌ಗೆ ತೆರಳಿದರು. ಬಳಿಕ ವಿದ್ಯುತ್ ಯಂತ್ರಗಳಿಗೆ ಹೆಸರಾಗಿದ್ದ ಶುಕರ್ಟ್ ಕಂಪನಿಯಲ್ಲಿ ಉದ್ಯೋಗಕ್ಕೆ ಸೇರಿದರು. ಕಂಪನಿ ಅವರನ್ನು ಹಾಲೆಂಡಿಗೆ ಕಳುಹಿಸಿ, ಅಲ್ಲಿ ಹೊಸ ಕಾರ್ಖಾನೆ ಕಟ್ಟುವ ಹೊಣೆಯನ್ನು ವಹಿಸಿತು. ಯಂತ್ರ ರೂಪಿಸುವ ಬುದ್ಧಿಯ ಜೊತೆಗೆ ಕಾರ್ಖಾನೆ ನಡೆಸುವ ವ್ಯವಹಾರ ಜ್ಞಾನವೂ ಅವರಿಗೆ ಒದಗಿದ್ದು ಅಲ್ಲಿ. ಬಾಳಸಂಗಾತಿ ದೊರೆತದ್ದೂ ಅದೇ ನಾಡಿನಲ್ಲಿ.

1909ರ ಹೊತ್ತಿಗೆ ಅವರು ತಾಯ್ನಾಡಿಗೆ ಮರಳಿ, ಪ್ರಾಗ್‌ನಲ್ಲಿ ಸ್ವಂತ ಉದ್ಯಮ ಆರಂಭಿಸಿದರು. ಮೊದಲಿಗೆ ತಯಾರಿಸಿದ್ದು ಉಪಕರಣಗಳನ್ನು. ಸಾಮ್ರಾಜ್ಯದ ದೊಡ್ಡ ಕಾರ್ಖಾನೆಗಳ ನಡುವೆ ಅದೊಂದು ಸಣ್ಣ ಸಂಸ್ಥೆ. ಅದು ತನ್ನ ಕಾಲ ಮೇಲೆ ನಿಲ್ಲುವ ಮೊದಲೇ ಯುರೋಪನ್ನು ಮಹಾಯುದ್ಧ ಆವರಿಸಿತು.

ಮದ್ದುಗುಂಡಿನ ಉದ್ಯಮಿ

ಯಾನೆಚೆಕ್ ಅವರ ಜೀವನದ ಈ ಅಧ್ಯಾಯವನ್ನು ಜಾವಾ ಪ್ರಿಯರು ಬಹುಮಟ್ಟಿಗೆ ಮರೆತೇಬಿಡುತ್ತಾರೆ. ಮೋಟಾರ್‌ಸೈಕಲ್ ಕಟ್ಟುವ ಮುನ್ನ ಅವರು ಶಸ್ತ್ರಾಸ್ತ್ರ ತಯಾರಕರಾಗಿದ್ದರು. ಮೊದಲ ಮಹಾಯುದ್ಧದ ಅನುಭವ ಅವರ ಸಂಶೋಧಕ ಬುದ್ಧಿಯನ್ನು ಸೇನಾ ಸಾಮಗ್ರಿಯತ್ತ ತಿರುಗಿಸಿತು. ಅವರ ಹೆಸರಿನಲ್ಲಿ ದಾಖಲಾದ ಸುಮಾರು 60 ಪೇಟೆಂಟ್‌ಗಳ ಪೈಕಿ ಅತ್ಯಂತ ಖ್ಯಾತಿ ಪಡೆದದ್ದು ಒಂದು ಕೈಬಾಂಬ್. 1918ರ ಅಕ್ಟೋಬರ್‌ನಲ್ಲಿ ಸ್ವತಂತ್ರ ಜೆಕೊಸ್ಲೊವಾಕಿಯಾ ಉದಯಿಸಿದಾಗ, ಹೊಸ ರಾಷ್ಟ್ರದ ಹೊಸ ಸೇನೆ ಆ ಕೈಬಾಂಬನ್ನು ಬಳಕೆಗೆ ತೆಗೆದುಕೊಂಡಿತು.

ಸರ್ಕಾರದ ಬೇಡಿಕೆ ಉದ್ಯಮವನ್ನು ಬೆಳೆಸಿತು. 1920ರ ದಶಕದ ಆರಂಭದಲ್ಲಿ ಯಾನೆಚೆಕ್ ಪ್ರಾಗ್‌ನ ದಕ್ಷಿಣಕ್ಕಿರುವ ತಿನೆತ್ಸ್ ನಾದ್ ಸಾಜವೌ ಎಂಬ ಊರಿನಲ್ಲಿ ಕಾರ್ಖಾನೆಯೊಂದನ್ನು ಖರೀದಿಸಿದರು. ಸಾಜವಾ ನದಿಯ ದಡದ ಆ ಊರು ಮುಂದೆ ಜಾವಾದ ತವರೂರಾಯಿತು. ಆದರೆ ಮೊದಲ ಕೆಲವು ವರ್ಷ ಅಲ್ಲಿ ನಡೆದದ್ದು ಯುದ್ಧಸಾಮಗ್ರಿಯ ಕೆಲಸ. ಹಳೆಯ ಮೆಷಿನ್‌ಗನ್‌ಗಳನ್ನು ಹೊಸ ರಾಷ್ಟ್ರದ ಸೇನೆಗೆ ಹೊಂದುವಂತೆ ಮಾರ್ಪಡಿಸಿ ಕೊಡುವುದೂ ಅದರಲ್ಲೊಂದು.

ಶಾಂತಿಯ ಕಾಲ ಮುಂದುವರಿದಂತೆ ಶಸ್ತ್ರಾಸ್ತ್ರಗಳ ಬೇಡಿಕೆ ಕುಗ್ಗತೊಡಗಿತು. ನೂರಾರು ಕುಶಲ ಕೆಲಸಗಾರರು, ಬೆಲೆಬಾಳುವ ಯಂತ್ರಗಳು, ಆದರೆ ಮಾಡಲು ಕೆಲಸವಿಲ್ಲ. ಯಾವುದೇ ಕಾರ್ಖಾನೆಯ ಒಡೆಯನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿಲ್ಲ. ಬಂದೂಕಿನ ನಳಿಗೆ ಕೊರೆಯುವ ಯಂತ್ರ ಎಂಜಿನ್ನಿನ ಸಿಲಿಂಡರನ್ನೂ ಕೊರೆಯಬಲ್ಲದು ಎಂಬ ಅರಿವು ಆ ಕಾಲದ ಯುರೋಪಿನ ಹಲವು ಉದ್ಯಮಿಗಳಿಗಿತ್ತು. ಇಂಗ್ಲೆಂಡಿನ ಬಿಎಸ್‌ಎ, ಬೆಲ್ಜಿಯಂನ ಎಫ್‌ಎನ್ ಕಂಪನಿಗಳು ಬಂದೂಕಿನಿಂದ ಮೋಟಾರ್‌ಸೈಕಲ್ಲಿಗೆ ಬಂದದ್ದು ಹೀಗೆಯೇ. ಐವತ್ತರ ವಯಸ್ಸು ದಾಟಿದ್ದ ಯಾನೆಚೆಕ್ ಕೂಡ ಅದೇ ದಾರಿಯನ್ನು ಹಿಡಿದರು.

ದುಬಾರಿಯಾದ ಮೊದಲ ಹೆಜ್ಜೆ

ಹೊಸ ವಾಹನವನ್ನು ಶೂನ್ಯದಿಂದ ಸೃಷ್ಟಿಸುತ್ತಾ ಕೂರುವ ಸಮಯ ಅವರಲ್ಲಿರಲಿಲ್ಲ. ಜರ್ಮನಿಯ ಕೆಮ್ನಿಟ್ಸ್ ನಗರದ ವಾಂಡರರ್ ಕಂಪನಿ ಆಗ ಮೋಟಾರ್‌ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುವ ಸಿದ್ಧತೆಯಲ್ಲಿತ್ತು. 1885ರಲ್ಲಿ ಬೈಸಿಕಲ್‌ಗಳಿಂದ ವ್ಯಾಪಾರ ಆರಂಭಿಸಿದ್ದ ಆ ಕಂಪನಿ, ಮುಂದೆ ಆಡಿ ಕಾರಿನ ಲಾಂಛನದಲ್ಲಿ ಕಾಣುವ ನಾಲ್ಕು ಬಳೆಗಳ ಪೈಕಿ ಒಂದಾಯಿತು. ಅದು ಆಗಷ್ಟೇ ರೂಪಿಸಿದ್ದ 500 ಸಿಸಿ ಮೋಟಾರ್‌ಸೈಕಲ್ಲಿನ ತಯಾರಿಕಾ ಹಕ್ಕನ್ನು ಯಾನೆಚೆಕ್ 1929ರಲ್ಲಿ ಖರೀದಿಸಿದರು. ತಮ್ಮ ಹೆಸರಿನ ಮೊದಲ ಅಕ್ಷರಕ್ಕೆ ವಾಂಡರರ್‌ನ ಮೊದಲ ಅಕ್ಷರವನ್ನು ಜೋಡಿಸಿದರು. ಜಾವಾ ಹುಟ್ಟಿತು.

ತಾಂತ್ರಿಕವಾಗಿ ಅದು ತನ್ನ ಕಾಲಕ್ಕಿಂತ ಮುಂದಿದ್ದ ವಾಹನ. ಕೊಳವೆಗಳ ಬದಲು ಒತ್ತಿ ರೂಪಿಸಿದ ಉಕ್ಕಿನ ಹಾಳೆಯ ಚೌಕಟ್ಟು ಅದಕ್ಕಿತ್ತು. ಹಿಂದಿನ ಚಕ್ರಕ್ಕೆ ಚೈನಿನ ಬದಲು ತಿರುಗುವ ಶಾಫ್ಟ್ ಮೂಲಕ ಶಕ್ತಿ ಹೋಗುತ್ತಿತ್ತು. ಕೆಂಪು ಬಣ್ಣ, ಟ್ಯಾಂಕಿನ ಪಕ್ಕಗಳಲ್ಲಿ ತಿಳಿಹಳದಿ. ನೋಡಿದವರು ಮೆಚ್ಚಿದರು. ಕೊಂಡವರು ಮಾತ್ರ ಕಡಿಮೆ.

ಕಾರಣಗಳು ಎರಡು. ಮೊದಲನೆಯದು ಬೆಲೆ. 1929ರ ಕೊನೆಯಲ್ಲಿ ಜಗತ್ತನ್ನು ಆವರಿಸಿದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ದುಬಾರಿ ಮೋಟಾರ್‌ಸೈಕಲ್ ಕೊಳ್ಳುವ ಶಕ್ತಿ ಯಾರಿಗಿತ್ತು? ಎರಡನೆಯದು ಯಂತ್ರದ ದೋಷಗಳು. ಆತುರದಲ್ಲಿ ಮಾರುಕಟ್ಟೆಗೆ ಬಂದ ಆ ವಾಹನವನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಕೊನೆಗೆ ಸುಮಾರು ಸಾವಿರ ವಾಹನಗಳಷ್ಟೇ ತಯಾರಾಗಿ ಆ ಮಾದರಿ ನಿಂತುಹೋಯಿತು. ಇನ್ನೊಬ್ಬರಾಗಿದ್ದರೆ ಕಾರ್ಖಾನೆಯ ಬಾಗಿಲು ಮುಚ್ಚುತ್ತಿದ್ದರೋ ಏನೋ. ಯಾನೆಚೆಕ್ ಹಾಗೆ ಮಾಡಲಿಲ್ಲ.

ಸಾಮಾನ್ಯನ ಸವಾರಿ

ಸೋಲಿನಿಂದ ಅವರು ಕಲಿತ ಪಾಠ ಸರಳವಾಗಿತ್ತು. ಕೊಳ್ಳಲಾಗದ ಯಂತ್ರ ಎಷ್ಟು ಉತ್ತಮವಾಗಿದ್ದರೇನು ಪ್ರಯೋಜನ? ಜನರ ಕೈಗೆಟಕುವ, ಹಗುರವಾದ, ಕಡಿಮೆ ಪೆಟ್ರೋಲ್ ಕುಡಿಯುವ ವಾಹನ ಬೇಕು. ಇದಕ್ಕಾಗಿ ಅವರು 1930ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಲಿಯಂ ಪ್ಯಾಚೆಟ್ ಅವರನ್ನು ಕರೆತಂದರು. ಪ್ಯಾಚೆಟ್ ಸ್ವತಃ ರೇಸ್ ಸವಾರ. ಬ್ರಫ್ ಸುಪೀರಿಯರ್, ಮೆಕ್‌ಇವೊಯ್, ಎಫ್‌ಎನ್ ಮೊದಲಾದ ಹೆಸರಾಂತ ಕಂಪನಿಗಳಲ್ಲಿ ಪಳಗಿದವರು. ಯಂತ್ರವನ್ನು ರೂಪಿಸಿದವನೇ ಅದನ್ನು ಓಡಿಸಿ ಪರೀಕ್ಷಿಸುವ ಪದ್ಧತಿ ಅವರೊಂದಿಗೆ ಪ್ರಾಗ್‌ಗೆ ಬಂತು.

ಈ ಜೋಡಿಯ ಮೊದಲ ದೊಡ್ಡ ಯಶಸ್ಸು 1932ರಲ್ಲಿ ಹೊರಬಂದ 175 ಸಿಸಿ ಜಾವಾ. ಎಂಜಿನ್ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯದು. ಟೂ ಸ್ಟ್ರೋಕ್ ಮಾದರಿಯದು. ಇಡೀ ವಾಹನದ ತೂಕ ಸುಮಾರು 70 ಕಿಲೋ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗ. ಬೆಲೆ 4,650 ಜೆಕ್ ಕ್ರೌನ್. ಮೊದಲ ವರ್ಷವೇ ಸುಮಾರು 3,000 ವಾಹನಗಳು ಮಾರಾಟವಾದವು. ಒಟ್ಟಾರೆ 27 ಸಾವಿರಕ್ಕೂ ಹೆಚ್ಚು ತಯಾರಾದವು. ಸಾವಿರದಲ್ಲಿ ನಿಂತುಹೋಗಿದ್ದ ಮೊದಲ ಮಾದರಿಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಿದರೆ ಯಾನೆಚೆಕ್ ಹಿಡಿದ ತಿರುವಿನ ಮಹತ್ವ ಅರ್ಥವಾಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನ ಆಯ್ಕೆ ಇಲ್ಲಿ ನಿರ್ಣಾಯಕವಾಗಿತ್ತು. ಸಾಮಾನ್ಯ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ–ಪೆಟ್ರೋಲ್ ಮಿಶ್ರಣವನ್ನು ಒಳಬಿಡಲು, ಹೊಗೆಯನ್ನು ಹೊರಬಿಡಲು ವಾಲ್ವ್‌ಗಳಿರುತ್ತವೆ. ಅವನ್ನು ತೆರೆಯಲು ಕ್ಯಾಮ್, ಮುಚ್ಚಲು ಸ್ಪ್ರಿಂಗ್ ಬೇಕು. ಟೂ ಸ್ಟ್ರೋಕ್‌ನಲ್ಲಿ ಇದಾವುದೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎಂಬ ಮೂರೇ ಮುಖ್ಯ ಚಲಿಸುವ ಭಾಗಗಳು. ಅವುಗಳಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಭಾಗಗಳು ಕಡಿಮೆಯಾದಷ್ಟೂ ಬೆಲೆ ಕಡಿಮೆ, ಕೆಡುವುದು ಕಡಿಮೆ, ಕೆಟ್ಟರೆ ದುರಸ್ತಿ ಸುಲಭ. ಹಳ್ಳಿಯ ಕಮ್ಮಾರನಿಗೂ ಅದರ ಒಳಗುಟ್ಟು ತಿಳಿಯುತ್ತದೆ.

ಮುಂದಿನ ವರ್ಷಗಳಲ್ಲಿ ಯಾನೆಚೆಕ್ ಅವರ ಸಂಸ್ಥೆ ವಿಸ್ತರಿಸುತ್ತ ಹೋಯಿತು. 350 ಸಿಸಿ ಫೋರ್ ಸ್ಟ್ರೋಕ್ ವಾಹನ ಬಂತು. ಜರ್ಮನಿಯ ಡಿಕೆಡಬ್ಲ್ಯು ಕಂಪನಿಯ ಪರವಾನಗಿಯಡಿ 1934ರಲ್ಲಿ ಕಾರುಗಳ ತಯಾರಿಕೆಯೂ ಆರಂಭವಾಯಿತು. ಪ್ರಾಗ್–ಬ್ರಾತಿಸ್ಲಾವಾ ನಡುವೆ ನಡೆಯುತ್ತಿದ್ದ ಸಾವಿರ ಮೈಲಿ ಓಟದಲ್ಲಿ ಜಾವಾ ಕಾರುಗಳು ಪಾಲ್ಗೊಂಡವು. ದಶಕದ ಕೊನೆಯ ಭಾಗದಲ್ಲಿ ರೋಬೋಟ್ ಎಂಬ 100 ಸಿಸಿ ಪುಟ್ಟ ವಾಹನ ರಸ್ತೆಗಿಳಿಯಿತು. ಜಗತ್ತಿಗೆ ರೋಬೋಟ್ ಎಂಬ ಪದವನ್ನು ಕೊಟ್ಟದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್ ಅವರ 1920ರ ನಾಟಕ ಎಂಬುದನ್ನು ಇಲ್ಲಿ ನೆನೆಯಬಹುದು.

ಅನ್ಯರ ತಂತ್ರಜ್ಞಾನವನ್ನು ಕೊಳ್ಳುವುದರಲ್ಲಿ ಯಾನೆಚೆಕ್ ಎಂದೂ ಸಂಕೋಚಪಡಲಿಲ್ಲ. ವಾಂಡರರ್, ವಿಲಿಯರ್ಸ್, ಡಿಕೆಡಬ್ಲ್ಯು ಹೀಗೆ ಒಬ್ಬೊಬ್ಬರಿಂದ ಒಂದೊಂದನ್ನು ಪಡೆದರು. ಪಡೆದದ್ದನ್ನು ತಮ್ಮ ಕೆಲಸಗಾರರ ಕೈಯಲ್ಲಿ ಪಳಗಿಸಿದರು. ಹೀಗೆ ಎರವಲಾಗಿ ಆರಂಭವಾದ ಜ್ಞಾನ ಹತ್ತು ವರ್ಷಗಳಲ್ಲಿ ಸ್ವಂತದ್ದಾಯಿತು.

ಆಕ್ರಮಣದ ನೆರಳಿನಲ್ಲಿ

ಆ ಏಳಿಗೆ ಹೆಚ್ಚು ಕಾಲ ಉಳಿಯಲಿಲ್ಲ. 1938ರ ಮ್ಯೂನಿಕ್ ಒಪ್ಪಂದದಿಂದ ಜೆಕೊಸ್ಲೊವಾಕಿಯಾ ತನ್ನ ಗಡಿನಾಡನ್ನು ಕಳೆದುಕೊಂಡಿತು. 1939ರ ಮಾರ್ಚ್ 15ರಂದು ಹಿಟ್ಲರನ ಸೇನೆ ಪ್ರಾಗ್ ಪ್ರವೇಶಿಸಿತು. ಪ್ಯಾಚೆಟ್ ತಮ್ಮ ನಾಡಿಗೆ ಮರಳಿದರು. ಜಾವಾ ಕಾರ್ಖಾನೆ ಜರ್ಮನ್ ಸೇನೆಯ ಅಗತ್ಯಗಳಿಗಾಗಿ ದುಡಿಯಬೇಕಾಯಿತು. ನಾಗರಿಕರಿಗಾಗಿ ಮೋಟಾರ್‌ಸೈಕಲ್ ತಯಾರಿಸುವ ಕೆಲಸ ಹಿಂದೆ ಸರಿಯಿತು.

ಶಸ್ತ್ರಾಸ್ತ್ರ ಬಿಟ್ಟು ಜನಸಾಮಾನ್ಯರ ವಾಹನಕ್ಕೆ ಬಂದಿದ್ದ ಉದ್ಯಮಿಯ ಕಾರ್ಖಾನೆ ಮತ್ತೆ ಯುದ್ಧಯಂತ್ರದ ಭಾಗವಾಯಿತು. ಅದೂ ತನ್ನ ದೇಶವನ್ನು ನುಂಗಿದವರ ಯುದ್ಧಯಂತ್ರದ ಭಾಗ. ಆ ಕತ್ತಲೆಯ ನಡುವೆಯೇ 1941ರ ಜೂನ್ 4ರಂದು ಫ್ರಾಂಟಿಶೆಕ್ ಯಾನೆಚೆಕ್ ಕಣ್ಮುಚ್ಚಿದರು. ಆಗ ಅವರಿಗೆ 63 ವರ್ಷ. ನಾಡಿನ ಬಿಡುಗಡೆಯನ್ನು ಅವರು ಕಾಣಲಿಲ್ಲ. ತಮ್ಮ ಹೆಸರನ್ನು ಜಗತ್ತಿನ ಉದ್ದಗಲಕ್ಕೆ ಒಯ್ಯಲಿದ್ದ ವಾಹನವನ್ನೂ ಕಾಣಲಿಲ್ಲ.

ಸ್ಪ್ರಿಂಗ್ ಮನುಷ್ಯನ ಹೆಸರಿನ ವಾಹನ

ಯುದ್ಧದ ವರ್ಷಗಳಲ್ಲಿ ಜಾವಾದ ಎಂಜಿನಿಯರುಗಳು ಆಕ್ರಮಣಕಾರರ ಕಣ್ಣು ತಪ್ಪಿಸಿ ಹೊಸ 250 ಸಿಸಿ ಮೋಟಾರ್‌ಸೈಕಲ್ ಒಂದನ್ನು ರೂಪಿಸುತ್ತಿದ್ದರು. ಪರೀಕ್ಷೆಗೆಂದು ರಸ್ತೆಗೆ ತಂದಾಗ ಅನುಮಾನ ಬಾರದಿರಲೆಂದು ಅದರ ಮೇಲೆ ಜರ್ಮನಿಯ ಡಿಕೆಡಬ್ಲ್ಯು ಗುರುತನ್ನು ಅಂಟಿಸಲಾಗುತ್ತಿತ್ತು ಎಂಬುದು ಜಾವಾ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಸಿಕ್ಕಿಬಿದ್ದಿದ್ದರೆ ಅವರ ಗತಿಯೇನಾಗುತ್ತಿತ್ತು ಎಂಬುದನ್ನು ವಿವರಿಸಬೇಕಿಲ್ಲ. ಯುದ್ಧ ಎಂದು ಮುಗಿಯುವುದೆಂಬ ಖಾತರಿಯಿಲ್ಲದ ದಿನಗಳಲ್ಲಿ, ಯುದ್ಧಾನಂತರದ ಸವಾರನಿಗಾಗಿ ಅವರು ಕೆಲಸ ಮಾಡುತ್ತಿದ್ದರು.

1946ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ವಾಹನ ಕಾಣಿಸಿಕೊಂಡು ಚಿನ್ನದ ಪದಕ ಗಳಿಸಿತು. ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದಿನ ಚಕ್ರಕ್ಕೂ ಸ್ಪ್ರಿಂಗ್, ಎಂಜಿನ್ ಮತ್ತು ಗೇರುಪೆಟ್ಟಿಗೆ ಒಂದೇ ಕವಚದಲ್ಲಿ. ಹಿಂಚಕ್ರಕ್ಕೆ ಯಾವ ಸ್ಪ್ರಿಂಗೂ ಇಲ್ಲದ ವಾಹನಗಳೇ ಹೆಚ್ಚಾಗಿದ್ದ ಕಾಲದಲ್ಲಿ ಇದು ದೊಡ್ಡ ಸಂಗತಿ. ಜನ ಅದನ್ನು ಪೆರಾಕ್ ಎಂದು ಕರೆದರು. ಜೆಕ್ ಭಾಷೆಯಲ್ಲಿ ಪೆರೊ ಎಂದರೆ ಸ್ಪ್ರಿಂಗ್. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ರಾತ್ರಿ ವೇಳೆ ಪ್ರಾಗ್‌ನ ಬೀದಿಗಳಲ್ಲಿ ನೆಗೆಯುತ್ತ ಜರ್ಮನ್ ಸೈನಿಕರನ್ನು ಕಾಡುತ್ತಿದ್ದನೆಂಬ ಕಟ್ಟುಕಥೆಯ ವೀರನ ಹೆಸರೂ ಪೆರಾಕ್.

ಇಷ್ಟರಲ್ಲಿ ಕಾರ್ಖಾನೆಯ ಒಡೆತನವೂ ಬದಲಾಗಿತ್ತು. ಯುದ್ಧಾನಂತರದ ಜೆಕೊಸ್ಲೊವಾಕಿಯಾದಲ್ಲಿ ದೊಡ್ಡ ಉದ್ಯಮಗಳು ರಾಷ್ಟ್ರೀಕರಣಗೊಂಡವು. ಜಾವಾ ಸರ್ಕಾರದ ಪಾಲಾಯಿತು. ಯಾನೆಚೆಕ್ ಕುಟುಂಬದ ಕೈಯಲ್ಲಿ ಏನೂ ಉಳಿಯಲಿಲ್ಲ. ಖಾಸಗಿ ಒಡೆಯನ ಹೆಸರನ್ನು ಅಳಿಸಲು ಹೊಸ ಆಡಳಿತಕ್ಕೆ ಕಾರಣಗಳಿದ್ದವು. ಆದರೂ ಟ್ಯಾಂಕಿನ ಮೇಲಿನ ಎರಡಕ್ಷರ ಹಾಗೆಯೇ ಉಳಿಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಅಷ್ಟು ಬೆಲೆ ಆ ಹೆಸರಿಗೆ ಬಂದಿತ್ತು.

ಯಾದವಗಿರಿಗೆ ಬಂದ ಜಾವಾ

ಪೆರಾಕ್‌ನ ಮುಂದಿನ ಪೀಳಿಗೆ 1954ರಲ್ಲಿ ಬಂತು. ಹಿಂದಿನ ಚಕ್ರ ತೂಗುವ ತೋಳಿನ ಮೇಲೆ ನಿಂತ ಈ 250 ಸಿಸಿ ಮಾದರಿಯೇ ಕರ್ನಾಟಕಕ್ಕೆ ಬಂದ ಜಾವಾ. ವಿದೇಶಿ ವಾಹನಗಳ ಆಮದಿಗೆ ಭಾರತ ಸರ್ಕಾರ ಕಡಿವಾಣ ಹಾಕಿದ್ದ ಕಾಲವದು. ಇಲ್ಲಿ ಮಾರಬೇಕಾದರೆ ಇಲ್ಲಿಯೇ ತಯಾರಿಸಬೇಕು. ಮುಂಬೈಯ ರುಸ್ತುಂ ಇರಾನಿ ಮತ್ತು ಮೈಸೂರಿನ ಫಾರೂಕ್ ಇರಾನಿ ಅವರು ಜೆಕ್ ಸಂಸ್ಥೆಯ ಪರವಾನಗಿ ಪಡೆದು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿದ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು.

ಯಾನೆಚೆಕ್ 1929ರಲ್ಲಿ ವಾಂಡರರ್‌ನಿಂದ ಹಕ್ಕು ಕೊಂಡು ಮಾಡಿದ ಕೆಲಸವನ್ನೇ ಮೈಸೂರಿನವರು ಮೂರು ದಶಕಗಳ ಬಳಿಕ ಮಾಡಿದರು. ಆರಂಭದಲ್ಲಿ ಜೆಕ್ ಬಿಡಿಭಾಗಗಳ ಜೋಡಣೆ, ಬಳಿಕ ಒಂದೊಂದಾಗಿ ಸ್ಥಳೀಯ ತಯಾರಿಕೆ. ಪರವಾನಗಿಯ ಅವಧಿ ಮುಗಿದ ಮೇಲೆ 1970ರ ದಶಕದಲ್ಲಿ ಅದೇ ಕಾರ್ಖಾನೆಯ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರ ರೋಡ್‌ಕಿಂಗ್ ಮಾದರಿ ತರುಣರ ಮನ ಗೆದ್ದಿತು. ಇರಾನಿ ಮನೆತನಗಳ ಮೂಲವಾದ ಇರಾನಿನ ಯಜ್ದ್ ನಗರವೇ ಯೆಜ್ಡಿ ಹೆಸರಿನ ಮೂಲ ಎನ್ನಲಾಗುತ್ತದೆ. ವಿಸ್ಮಯವೆಂದರೆ, ಯಾನೆಚೆಕ್ ಅವರ ತಾಯ್ನುಡಿಯಲ್ಲಿ ಅದೇ ಉಚ್ಚಾರದ ಪದಕ್ಕೆ ಸವಾರಿ ಮಾಡುತ್ತಾನೆ ಎಂಬ ಅರ್ಥವಿದೆ.

ಮೈಸೂರಿನ ಜಾವಾಕ್ಕೆ ತನ್ನದೇ ಆದ ಗುಣಗಳಿದ್ದವು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಗೇರ್ ಬದಲಿಸುವ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಬಿಟ್ಟರೆ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಚೈನಿಗೆ ಧೂಳು ತಾಗದಂತೆ ಪೂರ್ತಿ ಕವಚ. ನಮ್ಮ ಹಳ್ಳಿಗಾಡಿನ ಕೆಸರು ರಸ್ತೆಗಳಲ್ಲಿ ಇದರ ಬೆಲೆ ಏನೆಂದು ಕಾಫಿ ತೋಟದವರಿಗೂ, ರೇಷ್ಮೆ ಇಲಾಖೆಯವರಿಗೂ, ಪಶುವೈದ್ಯರಿಗೂ ಗೊತ್ತಿತ್ತು.

ಪೂರ್ವ ಬೆಂಗಳೂರಿನ ಕುಶಲ ಕೈಗಳು

ಇದೇ ಕಾಲದಲ್ಲಿ ಬೆಂಗಳೂರಿನ ಪೂರ್ವ ಭಾಗ ಕಾರ್ಖಾನೆಗಳ ನಾಡಾಗಿ ಬೆಳೆಯುತ್ತಿತ್ತು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನಗಳನ್ನು ದುರಸ್ತಿ ಮಾಡುತ್ತ, ಕಟ್ಟುತ್ತ ಬೆಳೆದಿತ್ತು. 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಐಟಿಐ ಬಂತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, 1964ರಲ್ಲಿ ತಿಪ್ಪಸಂದ್ರದ ಬಳಿ ಬಿಇಎಂಎಲ್ ತಲೆಯೆತ್ತಿದವು. ಹಲಸೂರು ಕೆರೆಯ ದಡದಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಸೇನಾ ಎಂಜಿನಿಯರುಗಳು ಮೊದಲಿನಿಂದಲೂ ಇದ್ದರು. ಇಂದಿರಾನಗರ ಬಡಾವಣೆ ರೂಪುಗೊಂಡಾಗ ಅಲ್ಲಿ ನೆಲೆಸಿದವರಲ್ಲಿ ಈ ಸಂಸ್ಥೆಗಳ ನೌಕರರೂ, ಸೇನೆಯ ನಿವೃತ್ತರೂ ಬಹಳ ಮಂದಿ.

ಕೂದಲೆಳೆಯ ಅಳತೆಯಲ್ಲಿ ಲೋಹ ಕೊರೆಯುವುದು, ಬೇರಿಂಗ್ ಸದ್ದಿನಿಂದಲೇ ಅದರ ಆಯಸ್ಸು ಹೇಳುವುದು ಈ ಭಾಗದ ಸಾವಿರಾರು ಮನೆಗಳ ಅನ್ನದ ವಿದ್ಯೆ. ಅಂಥವರಿಗೆ ಬೈಸಿಕಲ್ ಆಗಲಿ ಮೋಟಾರ್‌ಸೈಕಲ್ ಆಗಲಿ ಬರಿಯ ವಾಹನವಲ್ಲ. ಅದು ಭಾನುವಾರ ಬೆಳಗ್ಗೆ ಹಳೆಯ ಪತ್ರಿಕೆಯನ್ನು ಹಾಸಿ, ಸ್ಪ್ಯಾನರ್ ಜೋಡಿಸಿಟ್ಟುಕೊಂಡು ಬಿಚ್ಚಬೇಕಾದ ಯಂತ್ರ. ಜಾವಾ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಪ್ಲಗ್ ಒರೆಸಿ, ಪಾಯಿಂಟಿನ ಅಂತರ ಸರಿಪಡಿಸಿ, ಸೈಲೆನ್ಸರಿನೊಳಗೆ ಕಟ್ಟಿದ ಮಸಿಯನ್ನು ಕೆರೆದು ತೆಗೆದರೆ ಅರ್ಧ ಕಾಯಿಲೆ ವಾಸಿ. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸಬಹುದು. ಬಿಡಿಭಾಗ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು.

1980ರ ದಶಕದ ಮಧ್ಯದಲ್ಲಿ ಜಪಾನಿ ಸಹಯೋಗದ 100 ಸಿಸಿ ವಾಹನಗಳು ಬಂದವು. ಒಂದು ಲೀಟರ್ ಪೆಟ್ರೋಲಿನಲ್ಲಿ ಅವು ಓಡುತ್ತಿದ್ದ ದೂರದೊಂದಿಗೆ ಹಳೆಯ 250 ಸಿಸಿ ಯಂತ್ರ ಸ್ಪರ್ಧಿಸುವಂತಿರಲಿಲ್ಲ. ಟೂ ಸ್ಟ್ರೋಕ್‌ನ ಸರಳತೆಯಲ್ಲಿಯೇ ಅದರ ದೋಷವೂ ಅಡಗಿತ್ತು. ಕಿಂಡಿಗಳ ಮೂಲಕ ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಂದಿಗೆ ಹೊರಹೋಗುತ್ತದೆ. ಬೆರೆಸಿದ ಆಯಿಲ್ ನೀಲಿ ಹೊಗೆಯಾಗುತ್ತದೆ. ಮಾಲಿನ್ಯ ನಿಯಮಗಳು ಬಿಗಿಯಾದಂತೆ ಆ ಯಂತ್ರದ ದಿನಗಳು ಎಣಿಕೆಗೆ ಬಂದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಅದು ವಾಹನಪ್ರಿಯರ ನೆನಪಿನ ವಿಷಯವಾಗಿರಲಿಲ್ಲ. ಅನ್ನದ ಪ್ರಶ್ನೆಯಾಗಿತ್ತು.

ಕಾರ್ಖಾನೆ ನಿಂತರೂ ಉಳಿದದ್ದು

ಕಾರ್ಖಾನೆ ಮುಚ್ಚಿದ ಬಳಿಕ ಸಾಮಾನ್ಯವಾಗಿ ಅದರ ವಾಹನಗಳು ಹತ್ತು ಹದಿನೈದು ವರ್ಷಗಳಲ್ಲಿ ತೂಕಕ್ಕೆ ಬೀಳುತ್ತವೆ. ಜಾವಾ, ಯೆಜ್ಡಿಗಳ ವಿಷಯದಲ್ಲಿ ಹಾಗಾಗಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಅವುಗಳ ಸವಾರರು ಸಂಘ ಕಟ್ಟಿಕೊಂಡರು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನವನ್ನು ಆಚರಿಸುತ್ತಾರೆ. ಅಜ್ಜನ ಹೆಸರಿನಲ್ಲಿ ನೋಂದಣಿಯಾದ ವಾಹನವನ್ನು ಮೊಮ್ಮಗ ಓಡಿಸಿಕೊಂಡು ಬರುತ್ತಾನೆ. ಗಣಕ ತಂತ್ರಾಂಶದ ಕಂಪನಿಯಲ್ಲಿ ಕೆಲಸ ಮಾಡುವ ತರುಣ ಎಂಜಿನಿಯರು, ಶಾಲೆಯ ಮೆಟ್ಟಿಲು ಹತ್ತದ ಹಿರಿಯ ಮೆಕ್ಯಾನಿಕ್‌ನ ಪಕ್ಕದಲ್ಲಿ ಮಂಡಿಯೂರಿ ಕೂತು ಕಾರ್ಬುರೇಟರ್ ಕೂರಿಸುವುದನ್ನು ಕಲಿಯುತ್ತಾನೆ.

ಈ ಮಮತೆಯ ಬಲದಿಂದಲೇ ಹೆಸರಿಗೆ ಮರುಜನ್ಮವೂ ದೊರೆಯಿತು. ಮಹೀಂದ್ರ ಸಮೂಹದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರ ನವೆಂಬರ್‌ನಲ್ಲಿ ಹೊಸ ಜಾವಾ ವಾಹನಗಳನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್. ಹೆಸರು ಹಳೆಯದು, ಹೃದಯ ಹೊಸದು.

ಯಾನೆಚೆಕ್ ಭಾರತಕ್ಕೆ ಸಂಬಂಧಪಟ್ಟ ಯಾವ ಯೋಜನೆಯನ್ನೂ ಮಾಡಿದವರಲ್ಲ. ಮೈಸೂರಿನ ಕಾರ್ಖಾನೆ ಹುಟ್ಟುವ ವೇಳೆಗೆ ಅವರು ತೀರಿಕೊಂಡು ಸುಮಾರು 20 ವರ್ಷ ಕಳೆದಿತ್ತು. ಆದರೂ ಅವರು 1930ರ ದಶಕದಲ್ಲಿ ತೆಗೆದುಕೊಂಡ ಒಂದು ತೀರ್ಮಾನದ ಫಲವನ್ನು ಕನ್ನಡ ನಾಡು ಉಂಡಿದೆ. ಶ್ರೀಮಂತರು ಮೆಚ್ಚುವ ಯಂತ್ರಕ್ಕಿಂತ ಸಾಮಾನ್ಯನು ಕೊಂಡು, ತಾನೇ ಬಿಚ್ಚಿ ಜೋಡಿಸಬಲ್ಲ ಯಂತ್ರ ಮೇಲು ಎಂಬುದು ಆ ತೀರ್ಮಾನ. ಅವರ ಮೊದಲ ದುಬಾರಿ ಜಾವಾ ಇಂದು ಬಹುಮಟ್ಟಿಗೆ ವಸ್ತುಸಂಗ್ರಹಾಲಯಗಳ, ಸಂಗ್ರಾಹಕರ ಸ್ವತ್ತು. ಆ ಬಳಿಕ ಹಿಡಿದ ದಾರಿಯಲ್ಲಿ ಹುಟ್ಟಿದ ಜಾವಾಗಳು ಮಾತ್ರ ರಸ್ತೆಯ ಮೇಲಿವೆ. ತಂದೆ ಮಗನಿಗೆ, ಮೆಕ್ಯಾನಿಕ್ ಶಿಷ್ಯನಿಗೆ ಕಲಿಸಬಲ್ಲಷ್ಟು ಅವು ಸರಳವಾಗಿದ್ದವು.

ಅವರು ರೂಪಿಸಿದ ಕೈಬಾಂಬಿನ ಸುದ್ದಿ ಇಂದು ಸೇನಾ ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿದಿದೆ. ಶಾಂತಿಯ ದಿನಗಳಲ್ಲಿ ಕೆಲಸವಿಲ್ಲದೆ ಕೂತ ಕಾರ್ಖಾನೆಯ ಹೊಟ್ಟೆಪಾಡಿಗೆಂದು ಹುಡುಕಿದ ಉದ್ಯೋಗವೇ ಫ್ರಾಂಟಿಶೆಕ್ ಯಾನೆಚೆಕ್ ಅವರ ಹೆಸರಿನ ಒಂದಕ್ಷರವನ್ನು, ಅವರು ಎಂದೂ ಕಾಣದ ಊರುಗಳಲ್ಲಿ ಉಳಿಸಿಕೊಟ್ಟಿದೆ.